ಸಭೆಗಾಗಿ ಒಂದು ಕನ್ನಡ ಕೀರ್ತನೆಯನ್ನು ಬರೆಯುವ ಬಗೆ

ಭಾನುವಾರದ ಆರಾಧನೆಗೆ ಹೊಸ ಹಾಡೊಂದನ್ನು ಬರೆಯಬೇಕೆಂಬ ಆಸೆ ನಮ್ಮ ಸಭೆಗಳಲ್ಲಿ ಅನೇಕರಿಗಿದೆ. ಪ್ರಾರ್ಥನೆಯ ಹೊತ್ತಿನಲ್ಲಿ ಒಂದು ಸಾಲು ತಾನಾಗಿ ಹೊಳೆಯುತ್ತದೆ, ಅದನ್ನು ಹಿಡಿದು ಮೂರು ಚರಣ ಕಟ್ಟುತ್ತೇವೆ, ಗಾಯನ ತಂಡಕ್ಕೆ ಕೊಡುತ್ತೇವೆ; ಎರಡು ವಾರ ಹಾಡಿದ ಮೇಲೆ ಅದು ಸದ್ದಿಲ್ಲದೆ ಮರೆಯಾಗುತ್ತದೆ. ಬರೆದವರ ಭಕ್ತಿಯಲ್ಲಿ ಕೊರತೆಯಿತ್ತೆಂದು ಇದರ ಅರ್ಥವಲ್ಲ. ಭಕ್ತಿಯಿದ್ದರೆ ಕಸುಬು ತಾನಾಗಿ ಬಂದೀತೆಂದು ನಂಬಿ, ಪದವನ್ನೂ ಮಾತ್ರೆಯನ್ನೂ ಮಟ್ಟನ್ನೂ ಪರೀಕ್ಷಿಸದೆ ಬಿಟ್ಟದ್ದೇ ಹೆಚ್ಚಿನ ಸಲ ಕಾರಣವಾಗಿರುತ್ತದೆ. ಆದ್ದರಿಂದ ಈ ಬರಹದಲ್ಲಿ ಬೈಬಲಿನ ಒಂದೇ ವಾಕ್ಯಭಾಗವನ್ನು ಹಿಡಿದು, ಅದು ಹಾಡಾಗುವವರೆಗಿನ ಕೆಲಸವನ್ನು ಹಂತಹಂತವಾಗಿ ನೋಡೋಣ. ಸಂಗೀತ ಶಾಸ್ತ್ರವನ್ನು ಕಲಿತಿರಬೇಕಾಗಿಲ್ಲ. ಲಘು-ಗುರುಗಳನ್ನು ಎಣಿಸುವ ತಾಳ್ಮೆಯಿದ್ದರೆ ಸಾಕು.

ಕಸುಬಿನ ಮಾತನ್ನು ಭಕ್ತಿಯ ಮಾತಿನಿಂದ ಬೇರೆಯಾಗಿ ಕಾಣುವವರು ವಿಮೋಚನಕಾಂಡದ 31ನೆಯ ಅಧ್ಯಾಯವನ್ನು ಒಮ್ಮೆ ಓದಬೇಕು. ಅಲ್ಲಿ ದೇವರು ತನ್ನ ಆತ್ಮದಿಂದ ತುಂಬಿಸಿದೆನೆಂದು ಹೇಳುವುದು ಪ್ರವಾದಿಯೊಬ್ಬನ ಬಗ್ಗೆಯಲ್ಲ, ಬೆಚಲೇಲನೆಂಬ ಕುಶಲಕರ್ಮಿಯ ಬಗ್ಗೆ. ಆ ಆತ್ಮದ ಫಲವಾಗಿ ಅವನಿಗೆ ದೊರೆತದ್ದು ಚಿನ್ನ, ಬೆಳ್ಳಿ, ತಾಮ್ರಗಳಲ್ಲಿ ಕೆಲಸ ಮಾಡುವ, ರತ್ನಗಳನ್ನು ಕೆತ್ತುವ, ಮರದ ಕೆತ್ತನೆ ಮಾಡುವ ಜಾಣ್ಮೆ. ಅವನ ಜೊತೆಗೆ ದಾನ್ ಕುಲದ ಒಹೊಲೀಯಾಬನೂ ಇದ್ದನು. ದೇವದರ್ಶನದ ಗುಡಾರ ಇಂಥವರ ಕೈಯಿಂದಲೇ ಎದ್ದು ನಿಂತಿತು. ಆದರೆ ಪುಟ ತಿರುಗಿಸಿದರೆ 32ನೆಯ ಅಧ್ಯಾಯದಲ್ಲಿ ಅದೇ ಜನರ ಕಿವಿಯೋಲೆಗಳ ಚಿನ್ನವನ್ನು ಕರಗಿಸಿ, ಉಳಿಯನ್ನು ಬಳಸಿ, ಆರೋನನು ಬಸವನನ್ನು ರೂಪಿಸುತ್ತಾನೆ. ಲೋಹ, ಬೆಂಕಿ, ಹತ್ಯಾರು ಎಲ್ಲವೂ ಎರಡು ಕಡೆಯೂ ಒಂದೇ. ಈ ಎರಡು ಅಧ್ಯಾಯಗಳನ್ನು ಹೀಗೆ ಅಕ್ಕಪಕ್ಕದಲ್ಲಿ ಇಟ್ಟಿರುವುದು, ನನ್ನ ಮಟ್ಟಿಗೆ, ಹಾಡು ಬರೆಯುವವನಿಗೆ ದೊರೆಯುವ ಮೊದಲ ಎಚ್ಚರಿಕೆ.

ನಮಗಿಂತ ಮುಂಚೆ ನಡೆದವರು

ಕೆಲಸಕ್ಕೆ ಕೂರುವ ಮೊದಲು, ಭಾರತದ ನೆಲದಲ್ಲಿ ಕ್ರಿಸ್ತನ ಕಥೆಯನ್ನು ಇಲ್ಲಿಯ ಛಂದಸ್ಸಿನಲ್ಲಿ ಹೇಳಿದವರ ಪರಿಚಯ ಸ್ವಲ್ಪವಾದರೂ ಇರಬೇಕು. ಇಂಗ್ಲೆಂಡಿನಿಂದ 1579ರಲ್ಲಿ ಗೋವೆಗೆ ಬಂದ ಯೇಸುಸಭೆಯ ಪಾದ್ರಿ ಥಾಮಸ್ ಸ್ಟೀಫನ್ಸ್ ಮರಾಠಿಯಲ್ಲಿ ರಚಿಸಿ 1616ರಲ್ಲಿ ಅಚ್ಚು ಮಾಡಿಸಿದ ಕ್ರಿಸ್ತಪುರಾಣವು ಸುಮಾರು ಹನ್ನೊಂದು ಸಾವಿರ ಓವಿಗಳ, ಅಂದರೆ ಮರಾಠಿಯ ದೇಸಿ ಪದ್ಯಗಳ, ಕಾವ್ಯ. ಅದು 1907ರಲ್ಲಿ ಮತ್ತೆ ಅಚ್ಚಾದದ್ದು ನಮ್ಮ ಮಂಗಳೂರಿನಲ್ಲಿ. ತಂಜಾವೂರಿನ ಎರಡನೆಯ ಸರಫೋಜಿಯ ಆಸ್ಥಾನದಲ್ಲಿದ್ದ ವೇದನಾಯಕ ಶಾಸ್ತ್ರಿಗಳು (1774–1864) ತಮಿಳು ಕೀರ್ತನೆಯ ರೂಪವನ್ನು ಸಭೆಯ ಆರಾಧನೆಗೆ ತಂದರು. ಮರಾಠಿಯ ನಾರಾಯಣ ವಾಮನ ತಿಲಕರು ಪಂಢರಪುರದ ವಿಠಲನ ಭಕ್ತರಾದ ವಾರಕರಿ ಸಂತರ ಅಭಂಗವೆಂಬ ಭಕ್ತಿಪದದ ದಾರಿಯಲ್ಲಿ ಕ್ರಿಸ್ತನನ್ನು ಹಾಡಿದರು. 1919ರಲ್ಲಿ ಅವರು ತೀರಿಕೊಂಡಾಗ ಅರ್ಧಕ್ಕೆ ನಿಂತಿದ್ದ ಅವರ ಮಹಾಕಾವ್ಯವನ್ನು ಪತ್ನಿ ಲಕ್ಷ್ಮೀಬಾಯಿ ಮುಂದುವರಿಸಿ ಮುಗಿಸಿದರು.

ಕನ್ನಡದ ಮಟ್ಟಿಗೆ ನೆನೆಯಬೇಕಾದವರು ಫರ್ಡಿನಾಂಡ್ ಕಿಟೆಲ್. ಅವರನ್ನು ನಾವು 1894ರ ನಿಘಂಟಿನಿಂದ ಮಾತ್ರ ಬಲ್ಲೆವು. ಆದರೆ ಬಾಸೆಲ್ ಮಿಷನ್ನಿನವರಾಗಿ 1853ರಲ್ಲಿ ಇಲ್ಲಿಗೆ ಬಂದ ಈ ಜರ್ಮನ್ ಯುವಕ ಒಂಬತ್ತು ವರ್ಷಗಳಲ್ಲಿ, ಅಂದರೆ 1862ರಲ್ಲಿ, ಯೇಸುವಿನ ಜೀವನವನ್ನು ಕನ್ನಡ ಪದ್ಯಗಳಲ್ಲಿ ಹೇಳುವ ಕಥಾಮಾಲೆಯನ್ನು ಪ್ರಕಟಿಸಿದ್ದರು. ಅಲ್ಲಿಗೆ ಅವರು ನಿಲ್ಲಲಿಲ್ಲ. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿ ಅಚ್ಚಿಗೆ ತಂದರು. ಪರಭಾಷೆಯಿಂದ ಬಂದ ಒಬ್ಬ ಬೋಧಕನು ಕ್ರಿಸ್ತನ ಕಥೆಯನ್ನು ಹೇಳಹೊರಟವನು ಒಂದು ಜೈನ ಛಂದೋಗ್ರಂಥವನ್ನು ಅಕ್ಷರ ಅಕ್ಷರವಾಗಿ ಸಂಪಾದಿಸುವಷ್ಟು ಆಳಕ್ಕೆ ಇಳಿದನೆಂದರೆ, ಕನ್ನಡದಲ್ಲೇ ಹುಟ್ಟಿ ಬೆಳೆದ ನಾವು ಮಾತ್ರೆ ಎಣಿಸಲು ಬೇಸರಪಡುವುದಕ್ಕೆ ಯಾವ ನೆಪವೂ ಉಳಿಯುವುದಿಲ್ಲ.

ವಾಕ್ಯಭಾಗದ ಆಯ್ಕೆ

ಮೊದಲ ಹೆಜ್ಜೆಯಾಗಿ ಒಂದು ವಾಕ್ಯಭಾಗವನ್ನು ಆರಿಸಿಕೊಳ್ಳಿ. ಪ್ರೀತಿ, ಕೃಪೆ, ಸಮಾಧಾನ ಎಂಬಂಥ ವಿಷಯವನ್ನಲ್ಲ. ವಿಷಯವನ್ನು ಹಿಡಿದು ಬರೆದ ಹಾಡುಗಳು ಒಂದರ ಹಾಗೆ ಮತ್ತೊಂದು ಇರುತ್ತವೆ, ಏಕೆಂದರೆ ಕೃಪೆಯ ಬಗ್ಗೆ ನಮ್ಮೆಲ್ಲರ ತಲೆಯಲ್ಲಿರುವ ಪದಗಳು ಅವೇ ಹತ್ತು ಹನ್ನೆರಡು. ವಾಕ್ಯಭಾಗವಾದರೋ ತನ್ನದೇ ಆದ ವಸ್ತುಗಳನ್ನು, ಹೊತ್ತನ್ನು, ಜನರನ್ನು ತರುತ್ತದೆ. ನಾವು ಇಲ್ಲಿ ಲೂಕನ ಸುವಾರ್ತೆಯ 24ನೆಯ ಅಧ್ಯಾಯದ ಎಮ್ಮಾಹು ದಾರಿಯ ಪ್ರಸಂಗವನ್ನು ತೆಗೆದುಕೊಳ್ಳೋಣ. ಪುನರುತ್ಥಾನದ ದಿನ ಇಬ್ಬರು ಶಿಷ್ಯರು ಯೆರೂಸಲೇಮಿನಿಂದ ಸುಮಾರು 11 ಕಿಲೋಮೀಟರು ದೂರದ ಹಳ್ಳಿಗೆ ನಡೆದು ಹೋಗುತ್ತಿದ್ದಾರೆ. ಒಬ್ಬನ ಹೆಸರು ಕ್ಲೆಯೊಫ, ಇನ್ನೊಬ್ಬರ ಹೆಸರಿಲ್ಲ. ಯೇಸು ಬಂದು ಜೊತೆಗೂಡಿದರೂ ಗುರುತು ಸಿಗುವುದಿಲ್ಲ. ಹಳ್ಳಿ ಬಂದಾಗ ಆತನು ಮುಂದೆ ಹೋಗುವವನಂತೆ ತೋರಿಸಿಕೊಳ್ಳುತ್ತಾನೆ. ಸಂಜೆಯಾಯಿತು, ನಮ್ಮಲ್ಲಿ ಉಳಿದುಕೋ ಎಂದು ಅವರು ಬಲವಂತ ಮಾಡುತ್ತಾರೆ. ಊಟಕ್ಕೆ ಕೂತು ರೊಟ್ಟಿಯನ್ನು ಮುರಿದು ಕೊಟ್ಟಾಗ ಅವರ ಕಣ್ಣು ತೆರೆಯುತ್ತದೆ, ಆತನು ಅದೃಶ್ಯನಾಗುತ್ತಾನೆ.

ಈ ಭಾಗವನ್ನು ಒಂದು ವಾರ ಪ್ರತಿದಿನ ಗಟ್ಟಿಯಾಗಿ ಓದಿ. ಪೆನ್ನು ಹಿಡಿಯಬೇಡಿ. ನಾಲ್ಕನೆಯ ದಿನಕ್ಕೋ ಐದನೆಯ ದಿನಕ್ಕೋ ಮೊದಲು ಕಾಣದ ಸಂಗತಿಗಳು ಕಾಣತೊಡಗುತ್ತವೆ. ಆತನೇ ಬಿಡುಗಡೆ ಮಾಡುವವನೆಂದು ನಿರೀಕ್ಷಿಸಿಕೊಂಡಿದ್ದೆವು ಎಂದು ಅವರು ಹೇಳುವ ಮಾತು ಭೂತಕಾಲದಲ್ಲಿದೆ. ಇಡೀ ಪ್ರಸಂಗದ ದುಃಖ ಆ ಒಂದು ಕ್ರಿಯಾಪದದ ಕಾಲದಲ್ಲಿ ಕೂತಿದೆ. ಸಂಜೆಯಾಯಿತೆಂದು ಅತಿಥಿಯನ್ನು ತಡೆದು ನಿಲ್ಲಿಸಿದವರೇ, ಗುರುತು ಸಿಕ್ಕ ಗಳಿಗೆಯಲ್ಲಿ ಎದ್ದು ರಾತ್ರಿಯಲ್ಲೇ ಬಂದ ದಾರಿ ಹಿಡಿದು ಮರಳುತ್ತಾರೆ. ಇಂಥ ಎರಡು ಸಂಗತಿಗಳು ಸಿಕ್ಕರೆ ಹಾಡಿಗೆ ಅಷ್ಟೇ ಸಾಕು. ಇಡೀ ಅಧ್ಯಾಯವನ್ನು ಪದ್ಯ ಮಾಡಹೊರಟರೆ ಅದು ಪಾಠವಾಗುತ್ತದೆ.

ಹೊಸದನ್ನು ಹೇಳಲೇಬೇಕೆಂಬ ಚಿಂತೆಯೂ ಬೇಡ. ಲೂಕನ ಮೊದಲ ಅಧ್ಯಾಯದಲ್ಲಿ ಮರಿಯಳು ಹಾಡುವ ಸ್ತೋತ್ರವನ್ನು ಒಂದನೆಯ ಸಮುವೇಲನ ಎರಡನೆಯ ಅಧ್ಯಾಯದ ಹನ್ನಳ ಹಾಡಿನ ಪಕ್ಕದಲ್ಲಿಟ್ಟು ಓದಿದರೆ, ಅಧಿಕಾರದಲ್ಲಿದ್ದವರು ಇಳಿಯುವುದು, ಹಸಿದವರು ತುಂಬಿಸಲ್ಪಡುವುದು, ದೀನರು ಮೇಲೇರುವುದು ಎಲ್ಲವೂ ಹಳೆಯ ಹಾಡಿನಿಂದಲೇ ಬಂದಿರುವುದು ತಿಳಿಯುತ್ತದೆ. ಆದರೂ ಅದು ಮರಿಯಳದೇ ಹಾಡು. ಕನ್ನಡ ಕಾವ್ಯವನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ. ಭಾರತದ ಕಥೆಯನ್ನು ಪಂಪನೂ ಹೇಳಿದ, ಕುಮಾರವ್ಯಾಸನೂ ಹೇಳಿದ.

ಹಾಡಿನ 'ನಾನು' ಯಾರು

ಭಾವಗೀತೆಯ 'ನಾನು' ಕವಿಯದು. ಕೇಳುವವರು ದೂರದಲ್ಲಿ ನಿಂತು ಅದನ್ನು ಆಸ್ವಾದಿಸುತ್ತಾರೆ. ಸಭೆಯ ಹಾಡಿನ 'ನಾನು' ಅದನ್ನು ಹಾಡುವ ಪ್ರತಿಯೊಬ್ಬರದು. ಆ ವಾರ ಕೆಲಸ ಕಳೆದುಕೊಂಡವನು, ಹತ್ತು ದಿನದ ಹಿಂದೆ ಗಂಡನನ್ನು ಮಣ್ಣು ಮಾಡಿ ಬಂದವಳು, ಅಮ್ಮನ ಬಲವಂತಕ್ಕೆ ಬಂದು ಕೂತ ಹದಿನಾರರ ಹುಡುಗ, ಎಲ್ಲರೂ ಆ ಸಾಲನ್ನು ತಮ್ಮ ಬಾಯಿಂದ ದೇವರ ಮುಂದೆ ಹೇಳಬೇಕಾಗುತ್ತದೆ. 'ನಿನಗಾಗಿ ಸಕಲವನ್ನೂ ತೊರೆದೆನು' ಎಂದು ಬರೆಯುವಾಗ ನಾವು ಇನ್ನೂರು ಜನರ ಬಾಯಲ್ಲಿ ಸುಳ್ಳು ಹೇಳಿಸುತ್ತಿರಬಹುದು. 'ತೊರೆಯಲು ಕಲಿಸು' ಎಂದರೆ ಅದು ಎಲ್ಲರೂ ಹೇಳಬಹುದಾದ ಮಾತು. ಕ್ರೈಸ್ತ ನಂಬಿಕೆಗೂ ಸೃಜನಶೀಲತೆಗೂ ಇರುವ ಸಂಬಂಧವೇನೆಂದು ಯಾರಾದರೂ ಕೇಳಿದರೆ, ಹಾಡಿನ ಮಟ್ಟಿಗೆ ನಾನು ತೋರಿಸುವುದು ಈ ಜಾಗವನ್ನೇ. ಇಲ್ಲಿ ಕವಿಯ ಕಲ್ಪನೆಗೆ ಅಂಕುಶ ಹಾಕುವುದು ಧರ್ಮಶಾಸ್ತ್ರದ ಪುಸ್ತಕಕ್ಕಿಂತ ಮೊದಲು ಪಕ್ಕದ ಬೆಂಚಿನಲ್ಲಿ ಕೂತವರ ಪರಿಸ್ಥಿತಿ.

ಇದರ ಇನ್ನೊಂದು ಮುಖವೆಂದರೆ ದುಃಖಕ್ಕೆ ಜಾಗ ಕೊಡುವುದು. ಬೈಬಲಿನ 150 ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದರಷ್ಟು ಪ್ರಲಾಪಗಳು. 88ನೆಯ ಕೀರ್ತನೆಯಂತೂ ಕತ್ತಲೆಯಲ್ಲೇ ಕೊನೆಗೊಳ್ಳುತ್ತದೆ. ನಮ್ಮ ಹೊಸ ಹಾಡುಗಳಲ್ಲಿ ಪ್ರಲಾಪವನ್ನು ಹುಡುಕಿದರೂ ಸಿಗುವುದಿಲ್ಲ, ಸಿಕ್ಕರೂ ಎರಡನೆಯ ಸಾಲಿಗೇ ಜಯಘೋಷವಾಗಿ ತಿರುಗಿರುತ್ತದೆ. ಎಮ್ಮಾಹುವಿನ ಶಿಷ್ಯರಿಗೆ ದಾರಿಯಲ್ಲಿ ತಮ್ಮ ದುಃಖವನ್ನು ಹೇಳಿಕೊಳ್ಳಲು ಬಿಟ್ಟ ಮೇಲೆಯೇ ಯೇಸು ರೊಟ್ಟಿ ಮುರಿದದ್ದು. ಆದ್ದರಿಂದ ನಮ್ಮ ಹಾಡಿನಲ್ಲಿ ಒಂದು ಚರಣವನ್ನು ಪೂರ್ತಿಯಾಗಿ ಆ ದುಃಖಕ್ಕೇ ಬಿಡೋಣ, 'ನಾನು' ಎನ್ನದೆ 'ನಾವು' ಎನ್ನೋಣ.

ಪದಗಳ ಆಯ್ಕೆ

ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಕರ್ತನು, ಯೆಹೋವ, ಸುವಾರ್ತೆ ಎನ್ನುವಲ್ಲಿ ಕಥೋಲಿಕರು ಪ್ರಭು, ಸರ್ವೇಶ್ವರ, ಶುಭಸಂದೇಶ ಎನ್ನುತ್ತಾರೆ. ಯಾರಿಗಾಗಿ ಬರೆಯುತ್ತೀರೆಂಬುದನ್ನು ಮೊದಲೇ ನಿರ್ಧರಿಸಿ, ಏಕೆಂದರೆ ಪದ ಬದಲಾದರೆ ಮಾತ್ರೆಯೂ ಬದಲಾಗುತ್ತದೆ. 23ನೆಯ ಕೀರ್ತನೆಯನ್ನು ಹಾಡಾಗಿಸುವವರು ಹಳೆಯ ಅನುವಾದದ 'ಕುರುಬ' ಎಂಬ ಪದವನ್ನು ಹಿಡಿದರೆ ಮೂರು ಮಾತ್ರೆ, ಹೊಸದರ 'ಕುರಿಗಾಹಿ'ಯನ್ನು ಹಿಡಿದರೆ ಐದು ಮಾತ್ರೆ. ಎರಡೂ ಒಂದೇ ತಾಳದ ಒಂದೇ ಜಾಗದಲ್ಲಿ ಕೂರಲಾರವು. 'ಅವತಾರ'ದಂಥ ಪದವನ್ನು ಬಳಸುವಾಗ, ಕೇಳುವವರ ಕಿವಿಯಲ್ಲಿ ಅದು ಮರಳಿ ಮರಳಿ ಬರುವ ಅವತಾರಗಳ ಸಾಲಿನಲ್ಲಿ ನಿಲ್ಲುವುದೆಂಬುದನ್ನು ಮರೆಯದೆ, ಒಂದೇ ಬಾರಿ ಎಂಬ ಅರ್ಥವನ್ನು ಸಾಲಿನ ಉಳಿದ ಪದಗಳಿಂದ ಕಾಯಬೇಕು. 'ಪಾಪ' ಎಂಬುದು ನಮ್ಮಲ್ಲಿ ಕನಿಕರದ ಉದ್ಗಾರವೂ ಹೌದು. 'ಪಾಪ ನಾನು' ಎಂದು ಸಾಲು ಮುರಿದರೆ ಹಾಡುವವನು ತನ್ನ ಬಗ್ಗೆ ತಾನೇ ಮರುಕಪಟ್ಟಂತಾಗುತ್ತದೆ.

ಮನೆಯ ಪದ ಸಿಗುವಲ್ಲಿ ಗ್ರಾಂಥಿಕ ಪದಕ್ಕೆ ಹೋಗಬೇಡಿ. ಸ್ನಾನಿಕ ಯೋಹಾನನು ಬರಲಿರುವವನ ಬಗ್ಗೆ ಹೇಳುವಾಗ ಕನ್ನಡ ಬೈಬಲು ಆತನ ಕೈಗೆ ಕೊಟ್ಟಿರುವುದು ಮೊರವನ್ನು, ಹಸನು ಮಾಡಿಸುವುದು ಕಣವನ್ನು. ಜೋಳವೋ ರಾಗಿಯೋ ತೂರುವುದನ್ನು ಕಂಡ ಯಾರಿಗೂ ಅದಕ್ಕೆ ಟಿಪ್ಪಣಿ ಬೇಕಾಗಿಲ್ಲ. 'ರೊಟ್ಟಿ'ಯೂ ಹಾಗೆಯೇ, ಜೋಳದ ರೊಟ್ಟಿಯ ನಾಡಿನಲ್ಲಿ ಎಮ್ಮಾಹುವಿನ ಊಟವನ್ನು ಕಲ್ಪಿಸಿಕೊಳ್ಳುವುದು ಸುಲಭ. ಇದಕ್ಕೆ ಎದುರಾಗಿ, ಕ್ರಿಸ್ಮಸ್ ಹಾಡುಗಳಲ್ಲಿ ಸುರಿಯುವ ಹಿಮ ಸುವಾರ್ತೆಗಳ ಜನನಕಥೆಯಲ್ಲಿಯೂ ಇಲ್ಲ, ನಮ್ಮ ಡಿಸೆಂಬರಿನಲ್ಲಿಯೂ ಇಲ್ಲ; ಅದು ಬರೀ ಶುಭಾಶಯ ಪತ್ರಗಳಿಂದ ಬಂದದ್ದು.

ಮಾತ್ರೆ ಮತ್ತು ಮಟ್ಟು

ಹೆಚ್ಚಿನ ಹಾಡುಗಳು ಕೆಡುವುದು ಇಲ್ಲಿ. ಕನ್ನಡದಲ್ಲಿ ಸ್ವರದ ಉದ್ದವೇ ಅರ್ಥವನ್ನು ಬದಲಿಸುತ್ತದೆ. ಪಶ್ಚಿಮದ ಮಟ್ಟುಗಳು ಅಕ್ಷರಗಳ ಸಂಖ್ಯೆಯನ್ನು ಎಣಿಸುತ್ತವೆ, ಎಂಟು-ಆರು-ಎಂಟು-ಆರು ಎಂಬ ಲೆಕ್ಕದಲ್ಲಿ. ಅವು ನೋಡುವುದು ಒತ್ತನ್ನು, ಉದ್ದವನ್ನಲ್ಲ. ಅಂಥ ಮಟ್ಟಿನ ದೀರ್ಘ ಸ್ವರದ ಕೆಳಗೆ ನಮ್ಮ ಲಘುವನ್ನು ಇಟ್ಟರೆ 'ನಿನ್ನ ಬಲವ ನೀಡು' ಎಂಬ ಪ್ರಾರ್ಥನೆ 'ನಿನ್ನ ಬಾಲವ ನೀಡು' ಎಂದಾಗುತ್ತದೆ. 'ವರ' ವಾರವಾಗುತ್ತದೆ, 'ಕರ' ಕಾರವಾಗುತ್ತದೆ. ಹಾಡುವವರು ಅಭ್ಯಾಸಬಲದಿಂದ ಗಮನಿಸದೆ ಇರಬಹುದು, ಆದರೆ ಮೊದಲ ಸಲ ಚರ್ಚಿಗೆ ಬಂದವರು ಖಂಡಿತ ಗಮನಿಸುತ್ತಾರೆ. ಇನ್ನೊಂದು ತೊಡಕೆಂದರೆ, ಅನೇಕ ಇಂಗ್ಲಿಷ್ ಮಟ್ಟುಗಳು ಹಗುರವಾದ ಪೆಟ್ಟಿನಿಂದ ಆರಂಭವಾಗುತ್ತವೆ, ಕನ್ನಡದ ಮಾತಿನ ಒತ್ತಾದರೋ ಪದದ ತಲೆಯ ಮೇಲೆಯೇ ಬೀಳುತ್ತದೆ. ಅನುವಾದಿತ ಹಾಡುಗಳ ಮೊದಲಲ್ಲಿ ಅಷ್ಟೊಂದು 'ಓ'ಗಳಿರುವುದಕ್ಕೆ ಭಕ್ತಿಯ ಉಕ್ಕು ಮಾತ್ರ ಕಾರಣವಲ್ಲ. ಆ ಹಗುರ ಪೆಟ್ಟನ್ನು ತುಂಬಲು ಏನಾದರೂ ಬೇಕಿತ್ತು.

ಆದ್ದರಿಂದ ಮೊದಲು ಮಾತ್ರಾಗಣದಲ್ಲಿ ಸಾಲನ್ನು ಕಟ್ಟಿ, ಆಮೇಲೆ ಮಟ್ಟನ್ನು ಹುಡುಕಿ. ನಿಯಮ ಶಾಲೆಯಲ್ಲಿ ಕಲಿತದ್ದೇ: ಹ್ರಸ್ವಾಕ್ಷರ ಲಘು, ಒಂದು ಮಾತ್ರೆ; ದೀರ್ಘವೂ, ಅನುಸ್ವಾರ ವಿಸರ್ಗಗಳಿಂದ ಕೂಡಿದ್ದೂ, ಒತ್ತಕ್ಷರದ ಹಿಂದಿನದೂ ಗುರು, ಎರಡು ಮಾತ್ರೆ. ಮೂರು ಮಾತ್ರೆಯ ಗಣಗಳು ತಿಶ್ರ ನಡೆಗೆ, ನಾಲ್ಕರವು ಆದಿತಾಳಕ್ಕೆ, ಐದರವು ಖಂಡಛಾಪುವಿಗೆ ಸಹಜವಾಗಿ ಒಗ್ಗುತ್ತವೆ. ಮೂರು ಮತ್ತು ನಾಲ್ಕು ಬೆರೆತ ಭಾಮಿನಿ ಷಟ್ಪದಿಯ ಸಾಲು ಮಿಶ್ರಛಾಪುವಿನಲ್ಲಿ ತಾನಾಗಿ ತೂಗುತ್ತದೆ. ಮೊದಲ ಸಲ ಬರೆಯುವವರು ನಾಲ್ಕರ ಗಣವನ್ನು ಹಿಡಿಯುವುದು ಲೇಸು. ಸಾಲಿಗೆ ನಾಲ್ಕು ಗಣ, ಒಟ್ಟು 16 ಮಾತ್ರೆ, ಅಂದರೆ ಆದಿತಾಳದ ಒಂದು ಆವರ್ತ.

ಎಮ್ಮಾಹುವಿನ ಪಲ್ಲವಿಗಾಗಿ ನಾನು ಮೊದಲು ಬರೆದದ್ದು ಈ ಸಾಲು:

ಸಂಜೆಯು / ಬಂದಿತು / ತಂಗಿರು / ನಮ್ಮಲಿ

ಲೆಕ್ಕ ಸರಿಯಾಗಿದೆ, ಸಂ-ಜೆ-ಯು ಎಂಬಲ್ಲಿ ಎರಡು, ಒಂದು, ಒಂದು, ಉಳಿದ ಮೂರು ಗಣಗಳೂ ಹಾಗೆಯೇ. ಓದಲೂ ಚೆನ್ನಾಗಿದೆ. ಆದರೆ ಆದಿತಾಳ ಹಾಕಿ ಹಾಡಿದಾಗ ಮೂರನೆಯ ಗಣ ದ್ರುತದ, ಅಂದರೆ ತಾಳದ ಉತ್ತರಾರ್ಧ ಆರಂಭವಾಗುವ, ಪೆಟ್ಟಿನ ಮೇಲೆ ಬಿದ್ದು, 'ತಂಗಿ' ಎಂಬುದು ಎದ್ದು ಕೇಳಿಸಿತು. 'ರು' ಹಿಂದೆ ಉಳಿಯಿತು. ಕರ್ತನನ್ನು ತಂಗಿ ಎಂದು ಕರೆದಂತಾಗಿತ್ತು. ಕಾಗದದ ಮೇಲೆ ಎಷ್ಟು ತಿದ್ದಿದರೂ ಇಂಥ ದೋಷ ಕಣ್ಣಿಗೆ ಬೀಳುವುದಿಲ್ಲ, ಕಿವಿಗೇ ಬೀಳಬೇಕು. ತಿದ್ದಿದ ಮೇಲೆ ಪಲ್ಲವಿ ಹೀಗಾಯಿತು:

ಸಂಜೆಯು ಬಂದಿತು ನಮ್ಮೊಡನುಳಿದಿರು
ಅಂಜಿದ ಕಣ್ಣಿಗೆ ಹಾದಿಯು ಕಾಣದು

ಮೊದಲ ಸಾಲಿನ ಉತ್ತರಾರ್ಧ ನಮ್ಮೊಡ / ನುಳಿದಿರು ಎಂದು ಒಡೆಯುತ್ತದೆ. ಪದ ಗಣದ ಗಡಿಯನ್ನು ದಾಟಿದರೂ ಅರ್ಥ ಕೆಡುವುದಿಲ್ಲ, ಏಕೆಂದರೆ ಒಡೆದ ತುಂಡುಗಳಿಗೆ ಬೇರೆ ಅರ್ಥವಿಲ್ಲ. ಇದೇ ಅಳತೆಯಲ್ಲಿ ದುಃಖದ ಚರಣ:

ನಂಬಿದೆವಾತನು ಬಿಡುಗಡೆ ತರುವನು
ಕಂಬನಿ ಸುರಿಯಿತು ಶಿಲುಬೆಯ ಕೆಳಗಡೆ

ಎರಡನೆಯ ಸಾಲಿನಲ್ಲಿ ಮೊದಲ ಅಕ್ಷರವೊಂದನ್ನು ಬಿಟ್ಟರೆ ಎಲ್ಲವೂ ಲಘುಗಳು. ನಾಲಗೆ ಓಡುತ್ತದೆ, ಕಣ್ಣೀರು ಹರಿದಂತೆ. ಮೊದಲ ಕರಡಿನಲ್ಲಿ ಇದು ತಾನಾಗಿ ಬಂದಿತ್ತು, ಬಂದದ್ದನ್ನು ಗುರುತಿಸಿ ಉಳಿಸಿಕೊಂಡೆನಷ್ಟೆ. ಕೊನೆಯ ಚರಣ:

ರೊಟ್ಟಿಯ ಮುರಿದಾ ಕೈಗಳ ಕಂಡೆವು
ಬಿಟ್ಟೆವು ಊಟವ, ಇರುಳಲೆ ಹೊರಟೆವು

ಊಟವನ್ನು ಅರ್ಧಕ್ಕೆ ಬಿಟ್ಟರೆಂದು ಲೂಕನು ಹೇಳಿಲ್ಲ. ಅದೇ ಗಳಿಗೆಯಲ್ಲಿ ಎದ್ದು ಹೊರಟರೆಂದು ಮಾತ್ರ ಹೇಳಿದ್ದಾನೆ. ಎಲೆಯ ಮುಂದಿನ ಅನ್ನವನ್ನು ಬಿಟ್ಟು ಏಳುವುದೆಂದರೆ ನಮ್ಮಲ್ಲಿ ಏನೆಂಬುದು ಗೊತ್ತಿರುವುದರಿಂದ ನಾನು ಅದನ್ನು ಸೇರಿಸಿದೆ. ಕಲ್ಪನೆ ಎಲ್ಲಿಯವರೆಗೆ ಹೋಗಬಹುದೆಂಬ ಪ್ರಶ್ನೆಗೆ ಉತ್ತರ ಇಂಥ ಒಂದೊಂದು ಜಾಗದಲ್ಲಿ ಕಂಡುಕೊಳ್ಳಬೇಕಾದದ್ದು: ಮೂಲವು ಹೇಳಿದ್ದರೊಳಗಿನಿಂದ ಮೊಳೆತ ವಿವರವನ್ನು ಸೇರಿಸಬಹುದು, ಮೂಲದ ದಿಕ್ಕನ್ನು ಬದಲಿಸುವ ವಿವರವನ್ನು ಸೇರಿಸಬಾರದು. ಯೇಸು ಅವರನ್ನು ಸಮಾಧಾನಪಡಿಸಿ ಬೆಳಗಿನವರೆಗೆ ಜೊತೆಯಲ್ಲಿದ್ದನೆಂದು ಬರೆದಿದ್ದರೆ ಪಲ್ಲವಿಯ ಪ್ರಾರ್ಥನೆಗೆ ಉತ್ತರ ಸಿಕ್ಕಂತಾಗುತ್ತಿತ್ತು, ಆದರೆ ಪ್ರಸಂಗ ಹಾಳಾಗುತ್ತಿತ್ತು.

ಪ್ರಾಸದ ವಿಚಾರದಲ್ಲಿ ಒಂದು ಮಾತು. ಕನ್ನಡದಲ್ಲಿ ವಾಕ್ಯ ಕ್ರಿಯಾಪದದಿಂದ ಮುಗಿಯುವುದರಿಂದ ಅಂತ್ಯಪ್ರಾಸ ತೀರಾ ಅಗ್ಗ. ಮಾಡಿದನು, ನೀಡಿದನು, ಕೂಡಿದನು ಎಂದು ದಿನವಿಡೀ ಬರೆಯಬಹುದು. ಎರಡನೆಯ ಅಕ್ಷರದ ಪ್ರಾಸ, ಅಂದರೆ ಹಳೆಯ ಆದಿಪ್ರಾಸ, ನಮ್ಮ ಭಾಷೆಗೆ ಹೆಚ್ಚು ಒಗ್ಗುತ್ತದೆ. ಮೇಲಿನ ಸಾಲುಗಳಲ್ಲಿ ಸಂಜೆ-ಅಂಜಿ, ನಂಬಿ-ಕಂಬನಿ, ರೊಟ್ಟಿ-ಬಿಟ್ಟೆವು ಎಂಬ ಜೋಡಿಗಳು ಅದೇ. ಅದರಿಂದ ಇನ್ನೊಂದು ಪ್ರಯೋಜನವೂ ಇದೆ: ಪುಸ್ತಕವಿಲ್ಲದೆ ಹಾಡುವವರಿಗೆ ಮುಂದಿನ ಸಾಲಿನ ಮೊದಲ ಪದ ನೆನಪಿಗೆ ಬಂದರೆ ಉಳಿದದ್ದು ಹಿಂಬಾಲಿಸುತ್ತದೆ, ಆದಿಪ್ರಾಸವು ಆ ಮೊದಲ ಪದವನ್ನೇ ಎತ್ತಿ ಕೊಡುತ್ತದೆ. ಹಾಗೆಂದು ಪ್ರಾಸಕ್ಕಾಗಿ ಅರ್ಥವನ್ನು ಬಗ್ಗಿಸಬೇಡಿ. ಸಿಗದಿದ್ದರೆ ಬಿಡಿ.

ರಾಗ

ಸಭೆಯೆಂದರೆ ಗಾಯಕರ ಗುಂಪಲ್ಲ. ಹಾಡಿನ ಹರವು ಒಂದು ಸ್ಥಾಯಿಯೊಳಗೆ, ಹೆಚ್ಚೆಂದರೆ ಅದರ ಮೇಲೆ ಒಂದು ಸ್ವರದವರೆಗೆ ಇದ್ದರೆ ಗಂಡಸರೂ ಹೆಂಗಸರೂ ಒಂದೇ ಶ್ರುತಿಯಲ್ಲಿ ಹಾಡಬಲ್ಲರು. ಶುಭಪಂತುವರಾಳಿಯಂಥ ರಾಗ ಶುಭ ಶುಕ್ರವಾರಕ್ಕೆ ಹೇಳಿ ಮಾಡಿಸಿದಂತಿದ್ದರೂ ಅದನ್ನು ಒಬ್ಬರು ಹಾಡಿ ಉಳಿದವರು ಕೇಳುವುದೇ ಒಳ್ಳೆಯದು. ಸಭೆ ಹಾಡಹೊರಟರೆ ಸ್ವರ ಜಾರುತ್ತದೆ. ನಮ್ಮ ಹಾಡಿಗೆ ನಾನು ಮೋಹನವನ್ನು ಸೂಚಿಸುತ್ತೇನೆ. ಸ ರಿ ಗ ಪ ದ ಎಂಬ ಐದೇ ಸ್ವರಗಳು, ಮಗುವೂ ಹಿಡಿಯಬಲ್ಲದ್ದು. ಧಾರವಾಡ-ಹುಬ್ಬಳ್ಳಿಯ ಕಡೆಯವರಿಗೆ ಅದೇ ಸ್ವರಗಳು ಭೂಪ್ ರಾಗವಾಗಿ ಪರಿಚಿತ, ಹಿಂದುಸ್ತಾನಿ ಪದ್ಧತಿಯಲ್ಲಿ ಭೂಪ್ ಹಾಡುವ ಹೊತ್ತು ಇರುಳಿನ ಮೊದಲ ಜಾವ. ಎಮ್ಮಾಹುವಿನ ದೀಪ ಹಚ್ಚುವ ಹೊತ್ತಿಗೆ ಇದಕ್ಕಿಂತ ಹೊಂದುವುದು ಬೇರೆ ಇರಲಾರದು. ದುಃಖದ ಚರಣಕ್ಕೆ ಮೋಹನ ತೀರಾ ಪ್ರಸನ್ನವಾಯಿತೆಂದು ಆಕ್ಷೇಪಿಸುವವರಿದ್ದಾರೆ. ಆ ಚರಣವನ್ನು ಕೆಳಗಿನ ಸ್ವರಗಳಲ್ಲಿ ನಿಧಾನವಾಗಿ ಹಾಡಿಸಿದರೆ ಆಕ್ಷೇಪ ಬಹುಮಟ್ಟಿಗೆ ನಿಲ್ಲುವುದಿಲ್ಲ.

ಚಲನಚಿತ್ರದ ಮಟ್ಟನ್ನು ಎತ್ತಿಕೊಳ್ಳುವ ಚಾಳಿಯನ್ನು ಬಿಡಬೇಕು. ಹಾಡುವವರ ಕಣ್ಣ ಮುಂದೆ ನಾಯಕ-ನಾಯಕಿಯರು ಬಂದು ನಿಲ್ಲುವುದು ಒಂದು ತೊಂದರೆಯಾದರೆ, ಹಕ್ಕುಸ್ವಾಮ್ಯ ಇನ್ನೊಂದು. ಭಾರತದ 1957ರ ಕಾಯ್ದೆಯ ಪ್ರಕಾರ ಸಂಗೀತ ಕೃತಿಯ ಹಕ್ಕು ರಚಿಸಿದವರ ಆಯುಷ್ಯದ ಬಳಿಕವೂ 60 ವರ್ಷ ಉಳಿಯುತ್ತದೆ.

ಹಾಡಿಸಿ ನೋಡುವುದು

ಬರೆದು ಮುಗಿದ ಮೇಲೆ ಹಾಳೆಯನ್ನು ಒಂದು ತಿಂಗಳು ಮಡಿಸಿಡಿ. ಮತ್ತೆ ತೆಗೆದಾಗ ಮುಜುಗರವಾಗುವ ಸಾಲುಗಳನ್ನು ಹೊಡೆದುಹಾಕಿ. ನಿಮಗೆ ಅತ್ಯಂತ ಹೆಮ್ಮೆಯೆನಿಸುವ ಸಾಲನ್ನು ಇನ್ನೂ ಎರಡು ಸಲ ನೋಡಿ, ಸಾಮಾನ್ಯವಾಗಿ ಅದು ದೇವರ ಕಡೆಗೆ ತೋರಿಸದೆ ಕವಿಯ ಕಡೆಗೆ ತೋರಿಸುತ್ತಿರುತ್ತದೆ. ಆಮೇಲೆ ಸಭಾಪಾಲಕರಿಗೆ ಅಥವಾ ಗುರುಗಳಿಗೆ ಕೊಟ್ಟು ಬೋಧನೆಯ ದೃಷ್ಟಿಯಿಂದ ಓದಿಸಿ. ಅವರು ಒಂದು ಪದವನ್ನು ಬದಲಿಸಲು ಹೇಳಿದರೆ ಕಲಾಸ್ವಾತಂತ್ರ್ಯದ ಮಾತೆತ್ತುವ ಮೊದಲು, ಆ ಪದವನ್ನು ಸಭೆಯೆಲ್ಲ ಬಾಯಿಪಾಠ ಮಾಡಲಿದೆಯೆಂಬುದನ್ನು ನೆನೆಯಿರಿ. ಭಾನುವಾರದ ಉಪದೇಶ ಮರೆತುಹೋದ ಮೇಲೂ ಹಾಡು ಉಳಿಯುತ್ತದೆ. ಆದರೆ ಅವರು ಸೂಚಿಸಿದ ಪದ ಮಾತ್ರೆಗೆ ಕೂರದಿದ್ದರೆ ಹಾಗೆಂದು ನೇರವಾಗಿ ಹೇಳಿ, ಅದೇ ಅರ್ಥದ ಇನ್ನೊಂದನ್ನು ಇಬ್ಬರೂ ಕೂಡಿ ಹುಡುಕಿ.

ಕೊನೆಯ ಪರೀಕ್ಷೆ ಭಾನುವಾರದ ಶಾಲೆಯ ಮಕ್ಕಳದು ಮತ್ತು ಓದು ಬಾರದ ಅಜ್ಜಿಯರದು. ಕಾಗದ ಕೊಡದೆ, ವಾದ್ಯವಿಲ್ಲದೆ, ಒಂದೊಂದು ಸಾಲನ್ನು ಹೇಳಿಕೊಟ್ಟು ಹಾಡಿಸಿ. ಪಲ್ಲವಿ ಮೂರು ಸಲಕ್ಕೆ ಬಾರದಿದ್ದರೆ ಪಲ್ಲವಿಯಲ್ಲೇ ತೊಡಕಿದೆ. ಮಕ್ಕಳು ಯಾವುದಾದರೂ ಪದವನ್ನು ಬೇರೆಯಾಗಿ ಹಾಡಿದರೆ ತಿದ್ದುವ ಮೊದಲು ಕೇಳಿಸಿಕೊಳ್ಳಿ. ಅವರ ಕಿವಿಗೆ ಬಿದ್ದದ್ದು ಏನೆಂದು ತಿಳಿಯುತ್ತದೆ, ಕೆಲವೊಮ್ಮೆ ಅವರ ಪದವೇ ವಾಸಿಯಾಗಿರುತ್ತದೆ. ಮೊದಲ ಸಲ ಸಭೆಯಲ್ಲಿ ಹಾಡಿಸುವುದಕ್ಕೆ ಹೊಂದುವ ಜಾಗವನ್ನೂ ನೋಡಿಕೊಳ್ಳಿ: ಎಮ್ಮಾಹುವಿನ ಹಾಡು ಈಸ್ಟರ್ ಕಳೆದ ವಾರಗಳಲ್ಲಿ, ಸಂಜೆಯ ಆರಾಧನೆಯಲ್ಲಿ, ರೊಟ್ಟಿ ಮುರಿಯುವ ಸಂಸ್ಕಾರಕ್ಕೆ ಮುಂಚೆ ಸೇರುತ್ತದೆ, ಬೆಳಗಿನ ಕೂಟದ ಆರಂಭದಲ್ಲಿ 'ಸಂಜೆಯು ಬಂದಿತು' ಎಂದರೆ ಜನ ಗಡಿಯಾರ ನೋಡುತ್ತಾರೆ.

ಹಾಳೆಯ ತಲೆಯಲ್ಲಿ ವಾಕ್ಯಭಾಗ, ರಾಗ, ತಾಳ ಮತ್ತು ಬರೆದ ವರ್ಷವನ್ನು ನಮೂದಿಸಿ. ದಾಸರ ಪದಗಳಲ್ಲಿರುವಂತೆ ಅಂಕಿತ ಹಾಕಬೇಕೇ ಎಂದು ಕೆಲವರು ಕೇಳುತ್ತಾರೆ. ದಾಸರ ಅಂಕಿತ ಅವರ ಇಷ್ಟದೈವದ ಹೆಸರೇ ಆಗಿರುವುದರಿಂದ ಅಲ್ಲಿ ಕವಿ ಮರೆಯಾಗಿ ದೇವರು ಮುಂದೆ ಬರುತ್ತಾನೆ. ಯೇಸುವಿನ ಹೆಸರು ಹಾಡಿನಲ್ಲಿ ಹೇಗೂ ಇದ್ದರೆ ಬೇರೆ ಅಂಕಿತದ ಅಗತ್ಯ ನನಗೆ ಕಾಣುವುದಿಲ್ಲ. ನಮ್ಮ ಈ ಹಾಡಿನಲ್ಲಾದರೋ ಆ ಹೆಸರು ಎಲ್ಲಿಯೂ ಬಂದಿಲ್ಲ, ಕೈಗಳು ಮಾತ್ರ ಬಂದಿವೆ. ಗುರುತು ಸಿಗದ ದಾರಿಯ ಹಾಡಾದ್ದರಿಂದ ಅದನ್ನು ಹಾಗೆಯೇ ಬಿಟ್ಟಿದ್ದೇನೆ. ನಿಮ್ಮ ಸಭೆಯವರು ಹೆಸರು ಬೇಕೇ ಬೇಕೆಂದರೆ ಇನ್ನೊಂದು ಚರಣ ಬರೆಯಿರಿ, 16 ಮಾತ್ರೆಯಲ್ಲಿ, ಹಾರ್ಮೋನಿಯಂ ನುಡಿಸುವವರಿಗೆ ಶನಿವಾರದೊಳಗೆ ತಲುಪುವಂತೆ.